‘ನೀನು ಗಟ್ಟಿ ಬಿಡು’ ಅನ್ನೋ ಮಾತು

ದೊಡ್ಡ ಆಘಾತದಿಂದ ಹೊರಬಂದವರಿಗೆ ಎಲ್ಲರೂ ಹೇಳೋದು ಒಂದೇ, ‘ನೀನು ಗಟ್ಟಿ ಬಿಡು, ಬೇಗ ಚೇತರಿಸಿಕೊಳ್ತೀಯ’. ಒಳ್ಳೆ ಮನಸ್ಸಿಂದಲೇ ಹೇಳುತ್ತಾರೆ. ಆದರೆ ಅದನ್ನು ಕೇಳಿಸಿಕೊಂಡವರು ಆಮೇಲೆ ಅಳೋದಕ್ಕೂ ಹಿಂದೆಮುಂದೆ ನೋಡಬೇಕಾಗುತ್ತದೆ.

2004ರಲ್ಲಿ ಮನಶ್ಶಾಸ್ತ್ರಜ್ಞರಾದ ಕ್ರಿಸ್ಟೋಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್‌ಮನ್ ಮನುಷ್ಯರ 24 ಒಳ್ಳೆ ಗುಣಗಳ ಪಟ್ಟಿ ಮಾಡಿದರು. ಧೈರ್ಯ, ಕರುಣೆ, ಕುತೂಹಲ, ಹಾಸ್ಯ, ಭರವಸೆ ಎಲ್ಲ ಅದರಲ್ಲಿವೆ. ನಿಮ್ಮಲ್ಲಿ ಯಾವುದು ಜಾಸ್ತಿ ಅಂತ ನೋಡಿಕೊಳ್ಳಲು ಪ್ರಶ್ನಾವಳಿಯೂ ಇದೆ. ಏಟು ಬಿದ್ದ ಹೊಸತರಲ್ಲಿ ಅದನ್ನು ತುಂಬಿ, ಭರವಸೆ ಪಟ್ಟಿಯ ಕೊನೆಗೆ ಹೋಗಿ ಕೂತರೆ ಗಾಬರಿಯಾಗಬೇಡಿ. ನಿದ್ದೆಗೆಟ್ಟು, ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಿರುವಾಗ ಬರೆದ ಉತ್ತರ ಅದು.

ನನ್ನ ಕೇಳಿದರೆ, ಚೇತರಿಕೆಗೆ ಧೈರ್ಯಕ್ಕಿಂತ ಕುತೂಹಲ ಜಾಸ್ತಿ ಕೆಲಸಕ್ಕೆ ಬರುತ್ತದೆ. ಅಪಘಾತದಲ್ಲಿ ಬದುಕುಳಿದ ನನ್ನ ಗೆಳತಿಗೆ ಬ್ರೇಕಿನ ಸದ್ದು ಕೇಳಿದರೆ ಸಾಕು, ಅಂಗೈ ಬೆವರುತ್ತಿತ್ತು. ಅವಳು ಮೊದಲಿಂದಲೂ ಎಲ್ಲದಕ್ಕೂ ‘ಯಾಕೆ’ ಅಂತ ಕೇಳೋಳು. ಇದನ್ನೂ ಹಾಗೇ ನೋಡಿ ಬರೆದಿಡತೊಡಗಿದಳು: ಹಿಂದಿನ ಸೀಟಲ್ಲಿ ಕೂತರೆ ಭಯ ಜಾಸ್ತಿ, ಕಿಟಕಿ ತೆಗೆದಿದ್ದರೆ ಕಡಿಮೆ, ಪಕ್ಕದಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಇನ್ನೂ ಕಡಿಮೆ. ಆ ಟಿಪ್ಪಣಿಯನ್ನೇ ಹಿಡಿದು ಆಪ್ತಸಮಾಲೋಚಕರು ಹೆಜ್ಜೆಹೆಜ್ಜೆಯಾಗಿ ಮುಂದೆ ಕರೆದೊಯ್ದರು. ಮೊದಲು ನಿಂತಿರುವ ಕಾರಿನಲ್ಲಿ ಸುಮ್ನೆ ಕೂರೋದು, ಆಮೇಲೆ ಒಂದು ಬೀದಿ ಸುತ್ತಿ ಬರೋದು, ಹೀಗೆ. ಯಾಕೆಂದರೆ ತಪ್ಪಿಸಿಕೊಂಡಷ್ಟೂ ಭಯ ಅಲ್ಲೇ ಬೇರೂರುತ್ತದೆ.

ಒಳ್ಳೆ ಗುಣವೇ ಅಡ್ಡ ಬರೋದೂ ಉಂಟು. ಕೆಲವರು ಊರವರ ಕಷ್ಟಕ್ಕೆಲ್ಲ ಓಡುತ್ತಾರೆ, ತಮ್ಮ ಗಾಯದ ಕಡೆ ಮಾತ್ರ ತಿರುಗಿಯೂ ನೋಡಲ್ಲ. ನೋಡುವವರು ಅದನ್ನೂ ಗಟ್ಟಿತನ ಅಂತಲೇ ಕರೆಯುತ್ತಾರೆ!

‘ಕಷ್ಟ ಮನುಷ್ಯನನ್ನು ಬೆಳೆಸುತ್ತೆ’ ಅನ್ನೋದರ ಬಗ್ಗೆಯೂ ಸ್ವಲ್ಪ ಹೇಳಬೇಕು. ಆಘಾತದ ನಂತರದ ಬೆಳವಣಿಗೆ ಅನ್ನುವ ವಿಚಾರ ಮುಂದಿಟ್ಟವರು ಮನಶ್ಶಾಸ್ತ್ರಜ್ಞರಾದ ಟೆಡೆಸ್ಕಿ ಮತ್ತು ಕ್ಯಾಲ್ಹೌನ್. 1996ರಲ್ಲಿ ಅದನ್ನು ಅಳೆಯಲು 21 ಅಂಶಗಳ ಮಾಪಕ ಮಾಡಿದವರೂ ಅವರೇ. ಆದರೆ ಬೆಳವಣಿಗೆ ಬರೋದು ಆಘಾತದಿಂದಲ್ಲ, ಆಮೇಲಿನ ಒದ್ದಾಟದಿಂದ, ಮತ್ತು ಸಂಕಟ ಅದರ ಜೊತೆಗೇ ಇರಬಹುದು ಅಂತ ಅವರೇ ಹೇಳಿದ್ದಾರೆ. ಈ ಭಾಗವನ್ನು ಯಾರೂ ಫಾರ್ವರ್ಡ್ ಮಾಡಲ್ಲ. 2009ರಲ್ಲಿ ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ಫ್ರೇಜಿಯರ್ ತಂಡ ಕಾಲೇಜು ವಿದ್ಯಾರ್ಥಿಗಳನ್ನು ಆಘಾತಕ್ಕೆ ಮುಂಚೆ ಮತ್ತು ಆಮೇಲೆ ಅಳೆದು ನೋಡಿತು. ‘ನಾನು ಬೆಳೆದೆ’ ಅಂದವರ ಮಾತಿಗೂ ಅಳತೆಯಲ್ಲಿ ಕಂಡ ಬದಲಾವಣೆಗೂ ಹೆಚ್ಚು ತಾಳೆಯಾಗಲಿಲ್ಲ.

ಹಾಗಾಗಿ ಯಾರಿಗೂ ‘ಇದರಿಂದ ಏನು ಕಲಿತೆ’ ಅಂತ ಕೇಳೋಕೆ ಹೋಗಬೇಡಿ. ಒಂದು ತಿಂಗಳು ದಾಟಿದರೂ ಅವರಿಗೆ ಅದೇ ದೃಶ್ಯ ಕಣ್ಮುಂದೆ ಬರುತ್ತಿದ್ದರೆ, ನಿದ್ದೆ ಇಲ್ಲದಿದ್ದರೆ, ತಜ್ಞರ ಹತ್ತಿರ ಹೋಗೋಣ ಅಂತ ಹೇಳಿ. ಅವರು ಒಪ್ಪಿದರೆ ಜೊತೆಗೆ ನೀವೂ ಹೋಗಿ, ಹೊರಗೆ ಕಾಯುತ್ತಾ ಕೂತರೂ ಪರವಾಗಿಲ್ಲ.