ತಂಗಿ ಕೂತಿದ್ಲು, ನಾವು ನಿಂತಿದ್ವಿ

ನಮ್ಮನೇಲಿ ಎಲ್ಲರೂ ಒಂದೇ ಗಾಡೀಲಿ ಹೊರಟ್ರು ಅಂದ್ರೆ ಅದು ಒಂದೋ ಮದುವೆ, ಇಲ್ಲಾಂದ್ರೆ ಉಪನಯನ, ಅದೂ ಅಲ್ಲಾಂದ್ರೆ ಯಾರದ್ದಾದ್ರೂ ವೈಕುಂಠ ಸಮಾರಾಧನೆ. ಈ ಮೂರೂ ಅಲ್ದೇ ಇರೋ ಕಾರಣಕ್ಕೆ ನಾವು ನಾಲ್ಕು ಜನ ಓಮ್ನಿ ಹತ್ತಿದ್ದು 2024ರ ಅಕ್ಟೋಬರಲ್ಲಿ, ತಂಗಿ ಖೋಖೋ ಆಡೋದನ್ನ ನೋಡೋಕೆ ಅಂತ ಕುಮಟೆಗೆ. ನಾಲ್ಕು ಜನ ಅಂದ್ರೆ ಅಪ್ಪ, ಆಯಿ, ಅಮ್ಮ, ನಾನು. ಬೆಂಗಳೂರಿನ ಫ್ರೆಂಡ್ಸಿಗೆ ಇದನ್ನ ಪ್ರತೀ ಸಲ ಬಿಡಿಸಿ ಹೇಳಬೇಕಾಗತ್ತೆ, ನಮ್ಮ ಶಿರಸಿ ಕಡೆ ಹವ್ಯಕರ ಮನೇಲಿ ತಾಯಿಗೆ ಆಯಿ ಅಂತೀವಿ, ಅಜ್ಜಿಗೆ ಅಮ್ಮ. ಹಂಗಾಗಿ ಮುಂದೆ ಅಮ್ಮ ಅಂತ ಬಂದಲ್ಲೆಲ್ಲ 81 ವರ್ಷದ, ಕಿವಿ ಚೂರು ಮಂದ ಆಗಿರೋ ಆದ್ರೆ ಬಾಯಿ ಏನೇನೂ ಮಂದ ಆಗದೇ ಇರೋ ಒಬ್ಬ ಮುದುಕೀನ ಕಣ್ಮುಂದೆ ತಂದ್ಕೊಳ್ಳಿ.

ಹೋಗೋ ಐಡಿಯಾನೂ ಅಮ್ಮಂದೇ. "ಕೂಸು ಆಡೂದು ನಾನೂ ಒಂದ್ಸಲ ನೋಡವು" ಅಂತ ಎರಡು ದಿನ ಮೊದಲೇ ಶುರು ಮಾಡಿದ್ಲು. ಅವಳ ತವರುಮನೆ ಕುಮಟೆ ಬದಿಗೆ, ಆಟದ ನೆಪದಲ್ಲಿ ಅಲ್ಲಿಗೂ ಒಂದು ಸುತ್ತು ಹಾಕಬಹುದು ಅನ್ನೋ ಲೆಕ್ಕ ಇತ್ತು ಅಂತ ಆಮೇಲೆ ಗೊತ್ತಾಯ್ತು. ಅಪ್ಪ ಮಾತ್ರ "ಟೀಮಿಂದು ಗಾಡಿ ಇದ್ದಲೇ, ಅದು ಅದ್ರಲ್ಲಿ ಹೋಗಿ ಬತ್ತು, ನಾವೆಲ್ಲ ಎಂತಕ್ಕೆ?" ಅಂತ ಕವಳ ಹಾಕ್ತಾ ಕೂತಿದ್ದ. ತಂಗಿ ಬಿಎಸ್ಸಿ ಎರಡನೇ ವರ್ಷ, ಲ್ಯಾಬ್ ಬಿಟ್ಟು ಮಣ್ಣಲ್ಲಿ ಬಿದ್ದು ಮೊಣಕಾಲು ಕೆತ್ತಿಸ್ಕೊಂಡು ಬರೋದು ಅವನಿಗೆ ಅಷ್ಟೇನೂ ಸರಿ ಬರ್ತಿರ್ಲಿಲ್ಲ, ಹಂಗಂತ ಬೇಡ ಅಂತಾನೂ ಹೇಳಿರ್ಲಿಲ್ಲ. ಕೊನೆಗೆ ಓಮ್ನಿ ನಂಗೆ ಕೊಟ್ರೆ ಕ್ಲಚ್ ಹಾಳ್ಮಾಡ್ತೀನಿ ಅನ್ನೋ ಒಂದೇ ಕಾರಣಕ್ಕೆ ತಾನೇ ಹೊರಟ.

ಶಿರಸಿಯಿಂದ ಕುಮಟೆ ಸುಮಾರು 60 ಕಿಲೋಮೀಟರ್. ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲ ಮಾಡೋ ಕೆಲಸ ಎಷ್ಟು ವರ್ಷದಿಂದ ನಡೀತಿದೆ ಅನ್ನೋದು ನಮ್ಮ ಜಿಲ್ಲೆಯವರಿಗೆ ಹೇಳೋದೇ ಬೇಡ. ಅಮ್ಮ ನಿಂಬೆಹಣ್ಣು ಮೂಸ್ತಾ ಕೂತಿದ್ಲು, ಕತಗಾಲ ಬಂದ್ಮೇಲೇ ಕಣ್ಣು ಬಿಟ್ಟಿದ್ದು. ಘಟ್ಟ ಇಳಿದ ಕೂಡ್ಲೇ ಸೆಕೆ ಬಂದು ಮೈಗೆ ಅಂಟ್ಕೊಳ್ತಲ್ಲ, ಅಲ್ಲಿಂದ ಆಯಿದು ಒಂದೇ ಚಿಂತೆ, ಈ ಸೆಕೇಲಿ ಆ ಕೂಸು ಓಡೋದು ಹೆಂಗೆ ಅಂತ.

ನಡೀತಾ ಇದ್ದದ್ದು ಇಂಟರ್ ಕಾಲೇಜ್ ಟೂರ್ನಮೆಂಟು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ ಧಾರವಾಡ, ಗದಗ, ಉತ್ತರ ಕನ್ನಡ, ಇಷ್ಟೂ ಜಿಲ್ಲೆಗಳ ಕಾಲೇಜುಗಳು ಬರ್ತಾವೆ. ಚೆನ್ನಾಗಿ ಆಡಿದವರನ್ನ ಆರಿಸಿ ಯುನಿವರ್ಸಿಟಿ ಟೀಮ್ ಮಾಡ್ತಾರೆ, ಹಂಗೆ ಆಯ್ಕೆ ಆದವರಿಗೆ "ಬ್ಲೂ" ಅಂತಾರೆ. ತಂಗಿ ಬಾಯಲ್ಲಿ ಆ ವರ್ಷ ಪೂರ್ತಿ ಅದೇ ಮಾತು, ಅವ್ಳು ಬ್ಲೂ ಆದ್ಲು, ಇವ್ಳು ಎರಡು ಸಲ ಬ್ಲೂ. ಅಮ್ಮಂಗೆ ಅದು ಕಡೇತನಕ ತಲೆಗೆ ಹೋಗ್ಲಿಲ್ಲ, ನೀಲಿ ಬಣ್ಣದ ಸೀರೆ ಕೊಡ್ತಾರೇನೋ ಅಂದ್ಕೊಂಡಿದ್ಲು.

ಗ್ರೌಂಡಿನ ಬಗ್ಗೆ ಒಂದು ಮಾತು ಹೇಳ್ಬಿಡ್ತೀನಿ, ಆಮೇಲೆ ಎತ್ತಲ್ಲ. ಅಷ್ಟು ಕಾಲೇಜಿನ ಹುಡುಗೀರು ಬಂದಿರೋ ಜಾಗ, ಹೆಂಗಸರ ಟಾಯ್ಲೆಟ್ಟಿಗೆ ಬೀಗ. ಕೀಲಿ ಇದ್ದ ಮನುಷ್ಯ ಊಟಕ್ಕೆ ಹೋಗಿದ್ನಂತೆ, ಬೆಳಿಗ್ಗೆ ಹನ್ನೊಂದೂವರೆಗೇ! ನೀರಿನ ಡ್ರಮ್ಮು ಅಷ್ಟೊತ್ತಿಗೇ ತಳ ಕಂಡಿತ್ತು. ಆಯಿ ಪಕ್ಕದ ಮನೆಗೆ ಹೋಗಿ ಕೇಳಿ, ಅಮ್ಮನ್ನ ಕರ್ಕೊಂಡು ಹೋಗಿ ಬಂದ್ಲು, ಬರುವಾಗ ಆ ಮನೆಯವರ ಹತ್ರ ದಾಸವಾಳದ ಗಿಡದ ತುಂಡೂ ಇಸ್ಕೊಂಡು ಬಂದ್ಲು, ಅದು ಬೇರೆ ವಿಷಯ.

ಕೂರೋಕೆ ಒಂದು ಬದಿ ಚಿರೆಕಲ್ಲಿನ ಮೆಟ್ಟಿಲು. ನಾವು ಹೋಗೋ ಹೊತ್ತಿಗೆ ನಮ್ಮ ಟೀಮಿಂದು ಚೇಸಿಂಗ್ ಶುರುವಾಗಿತ್ತು. ಗೊತ್ತಿಲ್ದಿದ್ದವರಿಗೆ ಹೇಳ್ತೀನಿ, ಹಿಡಿಯೋ ಟೀಮಲ್ಲಿ ಒಂಬತ್ತು ಜನ, ಅದ್ರಲ್ಲಿ ಎಂಟು ಜನ ಎರಡು ಕಂಬದ ನಡುವೆ ಸಾಲಾಗಿ ಕೂತಿರ್ತಾರೆ, ಒಬ್ಬಳು ಆ ಕಡೆ ಮುಖ ಮಾಡಿದ್ರೆ ಪಕ್ಕದವಳು ಈ ಕಡೆ. ಒಬ್ಬಳೇ ಅಟ್ಟಿಸ್ಕೊಂಡು ಓಡೋದು. ಎದುರು ಟೀಮಿನವರು ಮೂರ್ಮೂರು ಜನ ಒಳಗೆ ಬರ್ತಾರೆ, ಅವರಿಗೆ ಎಲ್ಲಿ ಬೇಕಾದ್ರೂ ತಿರುಗೋ, ಸಾಲಿನ ನಡುವೆ ನುಗ್ಗೋ ಸ್ವಾತಂತ್ರ್ಯ. ಅಟ್ಟೋಳಿಗೆ ಅದೆಲ್ಲ ಇಲ್ಲ, ಒಂದು ದಿಕ್ಕು ಹಿಡಿದ್ರೆ ಅದೇ ದಿಕ್ಕು, ಕಂಬ ದಾಟೋ ತನಕ ವಾಪಸ್ ತಿರುಗೋ ಹಂಗಿಲ್ಲ.

ಇದನ್ನೆಲ್ಲ ನಾನು ಅಮ್ಮನ ಕಿವಿ ಹತ್ರ ಬಾಯಿಟ್ಟು ಕೂಗಿ ಹೇಳಬೇಕು, ಹಿಂದೆ ಕೂತ ಬೇರೆ ಕಾಲೇಜಿನ ಹುಡುಗರು ನಗ್ತಾ ಇದ್ರು.

"ನಮ್ಮ ಕೂಸು ಎಂತಕ್ಕೆ ಕೂತಿದ್ದು? ಆಡ್ತಿಲ್ಯಾ?"

"ಆಡ್ತಾ ಇದ್ದು ಅಮ್ಮ, ಕೂತ್ಕಂಬದೂ ಆಟವೇ."

"ಅದಕ್ಕೆ ಇಷ್ಟು ದೂರ ಬರವನಾ? ಮನೇಲಿ ಕೂತ್ರೆ ಆಗ್ತಿತ್ತಿಲ್ಯನಾ?"

ಕೂತಿದ್ಲು ಹೌದು, ಆದ್ರೆ ಆ ಕೂರೋದು ಮನೇಲಿ ಮೊಬೈಲ್ ಹಿಡ್ಕೊಂಡು ಸೋಫಾ ಮೇಲೆ ಬಿದ್ಕೊಂಡಿರ್ತಾಳಲ್ಲ, ಆ ಥರ ಅಲ್ಲ. ಕುಂಡೆ ನೆಲಕ್ಕೆ ತಾಗಿರ್ಲಿಲ್ಲ. ಪಾದದ ತುದಿ ಮೇಲೆ ಮೈ ಭಾರ, ಒಂದು ಕಾಲು ಮುಂದೆ, ಎರಡೂ ಕೈಯ ಬೆರಳು ಮಣ್ಣಿಗೆ ಊರಿ, ಕತ್ತು ಮಾತ್ರ ಹೊರಳಿಸಿ ಓಡ್ತಿರೋ ಹುಡುಗಿ ಕಾಲನ್ನೇ ನೋಡ್ತಾ ಇದ್ಲು, ಇಲಿ ಬಿಲದ ಬಾಯಲ್ಲಿ ಬೆಕ್ಕು ಕೂತಂಗೆ. ಇಪ್ಪತ್ತು ವರ್ಷ ಒಂದೇ ಮನೇಲಿ ಬೆಳೆದಿದ್ದೀನಿ, ಅವಳ ಮುಖದಲ್ಲಿ ಆ ಏಕಾಗ್ರತೆ ಒಂದ್ಸಲನೂ ಕಂಡಿದ್ದಿಲ್ಲ. ಹಿಂದಿಂದ ಬಂದವಳು ಬೆನ್ನು ಮುಟ್ಟಿ "ಖೋ" ಅಂದ್ಲು ಅನ್ನೋದು ನಮ್ಮ ಕಿವಿಗೆ ಬೀಳೋದ್ರೊಳಗೆ ಇವಳು ನಾಲ್ಕು ಹೆಜ್ಜೆ ಹೋಗಿ ಆಗಿತ್ತು.

ಅಮ್ಮಂಗೆ ಆಟ ಅರ್ಥ ಆಗಿದ್ದು ಆವಾಗ. "ಓ, ಕೂತಿದ್ದದ್ರ ಬೆನ್ನು ಮುಟ್ಟಿ ಎಬ್ಸಿ ಇದು ಕೂರೂದು! ನಮ್ಮನೆ ಅಡುಗೆಮನೆ ಇದ್ದಂಗೇ ಇದ್ದಲೇ." ಆಯಿ ನಕ್ಕಿದ್ದು ನೋಡ್ಬೇಕಿತ್ತು.

ಸರಿ, ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ತಂಗಿ ಕೂರೋದು ಕಂಬದ ಪಕ್ಕದ ಜಾಗದಲ್ಲಿ. ಎದುರು ಟೀಮಿನ ಒಬ್ಬಳು ಎತ್ತರದ ಹುಡುಗಿ, ಅವಳು ಎಷ್ಟೊತ್ತಾದ್ರೂ ಸಿಗ್ತಿಲ್ಲ, ಚೈನ್ ಆಡ್ತಾ ಆಡ್ತಾ ಸಾಲಿನ ಮಧ್ಯೆ ಹಾವಿನಂಗೆ ಹೋಗ್ತಾಳೆ, ಕಂಬದ ಹತ್ರ ಬಂದು ಸುತ್ತಿ ಮತ್ತೆ ವಾಪಸ್. ನಮ್ಮವರಲ್ಲಿ ಒಬ್ಬಳು ಅವಸರಕ್ಕೆ ಬೆನ್ನು ಮುಟ್ಟೋ ಮೊದಲೇ "ಖೋ" ಅಂದು ಫೌಲ್ ಬೇರೆ ಆಯ್ತು. ಅಷ್ಟರಲ್ಲಿ ತಂಗಿಗೆ ಖೋ ಸಿಕ್ತು. ಎದ್ದಳು, ಎರಡೇ ಹೆಜ್ಜೆ, ಎಡಗೈ ಕಂಬಕ್ಕೆ ಸುತ್ತಿ ಇಡೀ ಮೈಯನ್ನ ಆಚೆ ಎಸೆದಳು, ಎಸೆದಳು ಅನ್ನೋದೇ ಸರಿಯಾದ ಮಾತು, ನೆಲಕ್ಕೆ ಸಮಾ ಆಗಿ ಗಾಳೀಲಿದ್ಲು ಒಂದು ಕ್ಷಣ, ಬಲಗೈ ಬೆರಳ ತುದಿ ಆ ಹುಡುಗಿ ಹಿಮ್ಮಡಿಗೆ ತಾಗ್ತು. ಪೀಪಿ ಊದಿದ್ರು. ಧೂಳು ಎದ್ದು ಎರಡು ಸೆಕೆಂಡ್ ಏನೂ ಕಾಣ್ಲಿಲ್ಲ. ಧೂಳು ಇಳಿದಾಗ ತಂಗಿ ಮೊಣಕೈ ಊರಿ ಏಳ್ತಾ ಇದ್ಲು, ಎದ್ದವಳು ಟೀಮಿನ ಕಡೆ ನೋಡ್ಲಿಲ್ಲ, ಮೆಟ್ಟಿಲ ಕಡೆ ನೋಡಿದ್ಲು. ನಾವು ನೋಡಿದ್ವೋ ಇಲ್ವೋ ಅಂತ.

ನಾವೆಲ್ಲ ಎದ್ದು ನಿಂತಿದ್ವಿ. ಅಮ್ಮನೂ ನನ್ನ ಭುಜ ಹಿಡ್ಕೊಂಡು ನಿಂತಿದ್ಲು. ಅಪ್ಪ ಒಬ್ಬ ಬಗ್ಗಿ ಚೀಲದೊಳಗೆ ಕೈ ಹಾಕಿ ಮುರುಗಲು ಶರಬತ್ತಿನ ಬಾಟ್ಲಿ ಹುಡುಕ್ತಾ ಇದ್ದ.

ಗಲಾಟೆ ಕೇಳಿ ತಲೆ ಎತ್ತಿದ, ಎಲ್ಲರೂ ಚಪ್ಪಾಳೆ ಹೊಡೀತಿದ್ದಾರೆ ಅಂತ ಬಾಟ್ಲಿ ಕಂಕುಳಲ್ಲಿ ಇಟ್ಕೊಂಡು ತಾನೂ ಹೊಡೆದ. "ನೋಡಿದ್ಯಾ?" ಅಂದೆ. "ನೋಡ್ದಿ ನೋಡ್ದಿ" ಅಂದ. ನೋಡಿರ್ಲಿಲ್ಲ. ನಂಗೆ ಗೊತ್ತು, ಆಯಿಗೂ ಗೊತ್ತು.

ಮ್ಯಾಚ್ ಸೋತ್ವಿ, ಮೂರು ಪಾಯಿಂಟಿಂದ. ಅದ್ರ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ, ಅವರ ರನ್ನಿಂಗ್ ಚೆನ್ನಾಗಿತ್ತು, ನಮ್ಮವರದ್ದು ಎರಡನೇ ಇನ್ನಿಂಗ್ಸಲ್ಲಿ ಉಸಿರು ಬಿಟ್ಹೋಯ್ತು. ಆದ್ರೆ ಆ ದಿನದ್ದು ನಂಗೆ ಇವತ್ತಿಗೂ ಕಣ್ಣಲ್ಲಿರೋದು ಬೇರೆ ಒಂದು. ಅಪ್ಪ ಆಯಿ ಒಂದೇ ಮೆಟ್ಟಿಲ ಮೇಲೆ ಅಕ್ಕಪಕ್ಕ ಮೂರು ತಾಸು ಕೂತಿದ್ರು. ಮದುವೆಮನೆಗೆ ಹೋದ್ರೆ ಗಾಡಿ ಇಳಿದ ಕೂಡ್ಲೇ ಆಯಿ ಒಳಗೆ, ಹೋಳು ಹೆಚ್ಚೋ ಕಡೆಗೋ ಹೂ ಕಟ್ಟೋ ಕಡೆಗೋ. ಅಪ್ಪ ಹೊರಗೆ ಚಪ್ಪರದಲ್ಲಿ ಇಸ್ಪೀಟು ಇಲ್ಲಾ ಅಡಿಕೆ ರೇಟು. ಊಟಕ್ಕೂ ಬೇರೆ ಬೇರೆ ಪಂಕ್ತಿ, ಮತ್ತೆ ಮುಖ ನೋಡೋದು ವಾಪಸ್ ಗಾಡಿ ಹತ್ತುವಾಗಲೇ. ಗ್ರೌಂಡಲ್ಲಿ ಯಾರಿಗೂ ಏನೂ ಕೆಲಸ ಇರ್ಲಿಲ್ಲ ನೋಡಿ. ಬಡಿಸೋದಿಲ್ಲ, ಉಪಚಾರ ಮಾಡೋರಿಲ್ಲ, "ಎಂತ ಆರಾಮಾ" ಕೇಳೋ ನೆಂಟರಿಲ್ಲ. ಆಯಿ ಒಗ್ಗರಣೆ ಅವಲಕ್ಕಿ ಡಬ್ಬಿ ತೆಗೆದು ಮೊದಲು ತಾನೇ ಒಂದು ಮುಷ್ಟಿ ಬಾಯಿಗೆ ಹಾಕ್ಕೊಂಡು ಆಮೇಲೆ ಅಪ್ಪಂಗೆ ಕೊಟ್ಟಿದ್ದು ನಾನು ನೋಡಿದ್ದು ಅದೇ ಮೊದಲು.

ಮ್ಯಾಚ್ ಮುಗಿದ್ಮೇಲೆ ತಂಗಿ ಬಂದ್ಲು, ಮೊಣಕೈ ಸುಲಿದು ಕೆಂಪಾಗಿತ್ತು, ಮುಖ ತುಂಬ ಮಣ್ಣು, ಕಣ್ಣಿನ ಕೆಳಗೆ ಎರಡು ಗೆರೆ ಮಾತ್ರ ತೊಳೆದಂಗೆ. ಬಂದವಳೇ ಅಪ್ಪನ ಹತ್ರ "ಅಪ್ಪಾ, ಮುಂದಿನ್ಸಲ ನೀ ಕೂಗಡ, ನಂಗೆ ಅಷ್ಟು ಜನದಲ್ಲಿ ನಿನ್ ದನಿ ಒಂದೇ ಕೇಳ್ತು" ಅಂದ್ಲು. ಅಪ್ಪ ಸ್ವಲ್ಪ ಹೊತ್ತು ಏನೂ ಹೇಳ್ಲಿಲ್ಲ, ಆಮೇಲೆ "ಅಡ್ಡಿಲ್ಲೆ, ಆಡಿದ್ದು ಅಡ್ಡಿಲ್ಲೆ" ಅಂದ. ಶಿರಸಿ ಕಡೆಯವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ, ಮಾರಿಕಾಂಬೆ ತೇರು ನೋಡಿದ್ರೂ ನಾವು ಅಡ್ಡಿಲ್ಲೆ ಅಂತಾನೇ ಹೇಳೋದು. ಅಲ್ಲಿಂದ ಹೋಟ್ಲಿಗೆ ಹೋಗಿ ಬನ್ಸು, ಚಾ. ತಂಗಿ ಐದು ಬನ್ಸ್ ತಿಂದ್ಲು. ಅಮ್ಮನ ತವರುಮನೆಗೂ ಹೋಗಿ ಬಂದ್ವಿ ಅಂತ ಬೇರೆ ಹೇಳಬೇಕಾ.

ಆ ದಿನದ್ದು ಮನೇಲಿ ಇನ್ನೂ ಉಳ್ಕೊಂಡಿದೆ. ಅಮ್ಮಂಗೆ ಮಜ್ಜಿಗೆ ಕಡೆದು ಕೈ ಸೋತ್ರೆ ಈಗ ಕರಿಯೋದಿಲ್ಲ, ಆಯಿ ಬೆನ್ನ ಮೇಲೆ ಒಂದು ತಟ್ಟಿ "ಖೋ" ಅಂತಾಳೆ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲನೇ ಖೋಖೋ ವಿಶ್ವಕಪ್ ಆಯ್ತಲ್ಲ, ಗಂಡಸರದ್ದು ಹೆಂಗಸರದ್ದು ಎರಡೂ ಫೈನಲಲ್ಲಿ ನೇಪಾಳನ ಸೋಲಿಸಿ ನಾವೇ ಗೆದ್ವಿ, ಹೆಂಗಸರದ್ದು 78-40. ಆ ಟೀಮಲ್ಲಿ ಮೈಸೂರು ಜಿಲ್ಲೆಯ ಬಿ. ಚೈತ್ರಾ ಇದ್ರು. ಮನೇಲಿ ಟಿವಿ ಮುಂದೆ ಎಲ್ಲರೂ ಕೂತು ನೋಡಿದ್ವಿ, ಮ್ಯಾಟ್ ಮೇಲೆ ಆಡೋದು, ಕೆಂಪು ಮಣ್ಣು ಹಾರೋದಿಲ್ಲ, ಅಮ್ಮಂಗೆ ಅದೊಂದು ಅಸಮಾಧಾನ. ಅಪ್ಪ ಒಂದು ಡೈವ್ ನೋಡಿ "ಇದೆಂತ, ಕುಮಟೇಲಿ ನಮ್ಮ ಕೂಸು ಹಾರಿದ್ದು ಇದಕ್ಕಿಂತ ಉದ್ದ ಇತ್ತು" ಅಂದ. ಅದನ್ನ ಅವನು ಊರ ತುಂಬ ಹೇಳಿದ್ದಾನೆ, ಸೊಸೈಟೀಲಿ, ಹಾಲಿನ ಡೈರೀಲಿ, ಕೈಯಲ್ಲಿ ಅಭಿನಯ ಮಾಡಿ ತೋರಿಸ್ತಾನೆ, ಕಂಬ ಹೆಂಗೆ ಹಿಡಿದ್ಲು, ಧೂಳು ಹೆಂಗೆ ಎದ್ದಿತು. ಒಂದ್ಸಲ ನಾನು ಬಾಯಿ ತೆಗೆಯೋಕೆ ಹೋದೆ, ತಂಗಿ ಕಣ್ಣಲ್ಲೇ ಸುಮ್ನಿರು ಅಂದ್ಲು. ಅವಳಿಗೂ ಗೊತ್ತಿತ್ತಂತೆ, ಎದ್ದು ತಿರುಗಿ ನೋಡಿದಾಗ ಕಂಡಿದ್ದೇ ಅಪ್ಪನ ಬೋಳುತಲೆ.

ಆಮೇಲೆ ಎಲ್ಲಿ ಏನಿದ್ರೂ ಹೋಗೋ ಚಟ ಆಗ್ಬಿಡ್ತು ನಮಗೆ. ಶಿರಸಿಯ ಮಾರಿಕಾಂಬಾ ಸ್ಟೇಡಿಯಮ್ಮಲ್ಲಿ ಅಥ್ಲೆಟಿಕ್ಸ್ ಇತ್ತು ಒಂದಿನ, ತಂಗಿ ಇರ್ಲಿಲ್ಲ ಅದ್ರಲ್ಲಿ, ಆದ್ರೂ ಹೋದ್ವಿ. ಯಲ್ಲಾಪುರ ಹಳಿಯಾಳ ಕಡೆಯಿಂದ ಬಂದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗೀರು ಬರಿಗಾಲಲ್ಲಿ ಓಡೋದು ನೋಡಿ ಅಪ್ಪ ಹಳೇದು ತೆಗೆದ, 1987ರಲ್ಲಿ ಕೇಂದ್ರದ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನ ಆರಿಸಿ ಟ್ರೈನಿಂಗ್ ಕೊಡೋ ಯೋಜನೆ ಮಾಡಿತ್ತು, ಕೆಲವೇ ವರ್ಷಕ್ಕೆ ಅದನ್ನ ನಿಲ್ಸಿಬಿಟ್ರು, ಬಿಡದೇ ನಡೆಸಿದ್ದಿದ್ರೆ ಅಂತ ಹೇಳ್ತಾ ಹೇಳ್ತಾ ಮುಂದಿನ ಓಟ ಶುರುವಾಯ್ತು, ಮಾತು ಅಲ್ಲೇ ನಿಲ್ತು. ಚಾ ಮಾರೋ ಹುಡುಗಂಗೆ ನಮ್ಮ ಪರಿಚಯ ಆಗಿದೆ ಈಗ, ಅಮ್ಮಂಗೆ ಸಕ್ರೆ ಕಡಿಮೆ ಅಂತ ಕೇಳದೇ ಕೊಡ್ತಾನೆ.

ಈಗ ತಂಗಿದು ಕೊನೇ ವರ್ಷ. ಬರೋ ಗುರುವಾರ ಕಾರವಾರದಲ್ಲಿ ಮ್ಯಾಚು, ಮಾಲಾದೇವಿ ಮೈದಾನದಲ್ಲಿ. ಸಮಸ್ಯೆ ಏನಪ್ಪಾ ಅಂದ್ರೆ ಕೊನೆಕೊಯ್ಲು, ಅಂದ್ರೆ ಅಡಿಕೆ ಗೊನೆ ಕೊಯ್ಯೋದು, ಶುರುವಾಗಿದೆ, ಈ ಸೀಸನ್ನಲ್ಲಿ ಮರ ಹತ್ತಿ ಕೊಯ್ಯೋ ಕೊನೆಗೌಡ ಸಿಗೋದು ಅಂದ್ರೆ ಲಾಟ್ರಿ ಹೊಡೆದಂಗೆ, ಹದಿನೈದು ದಿನ ಬೆನ್ನು ಬಿದ್ದು ಅಪ್ಪ ಅವನನ್ನ ಗುರುವಾರಕ್ಕೇ ಒಪ್ಪಿಸಿದ್ದ. ಒಂದು ದಿನ ತಪ್ಪಿದ್ರೆ ಅವನು ಬೇರೆಯವರ ತೋಟಕ್ಕೆ ಹೋಗ್ತಾನೆ, ನಮ್ಮ ಪಾಳಿ ಮತ್ತೆ ಯಾವಾಗ್ಲೋ. ಹಂಗಾಗಿ ಅಪ್ಪ ಬರಲ್ಲ ಅಂತಾನೇ ನಾವೆಲ್ಲ ಅಂದ್ಕೊಂಡಿದ್ವಿ, ನಾನು ಓಮ್ನಿ ಕೀಲಿ ಕೇಳೋಕೆ ಧೈರ್ಯ ಒಟ್ಟು ಮಾಡ್ಕೊಳ್ತಾ ಇದ್ದೆ.

ನಿನ್ನೆ ರಾತ್ರಿ ಊಟ ಆದ್ಮೇಲೆ ಅಂಗಳದಲ್ಲಿ ಅಪ್ಪ ಫೋನಲ್ಲಿ ಮಾತಾಡೋದು ಕೇಳ್ತು. "ಇಲ್ಲಾ ಮಾರಾಯ, ಗುರುವಾರ ಬೇಡ... ಎಂತ ಇಲ್ಲ, ಕಾರವಾರಕ್ಕೆ ಹೋಗೂದಿದೆ... ಅಲ್ಲಲ್ಲ, ಕೋರ್ಟ್ ಕೆಲಸ ಅಲ್ಲ." ಒಂದು ಕ್ಷಣ ಸುಮ್ನಿದ್ದ. ಆಮೇಲೆ ದನಿ ಸ್ವಲ್ಪ ತಗ್ಗಿಸಿ, "ಹೋದ್ಸಲ ಒಂದು ಸರಿಯಾಗಿ ನೋಡೂಕಾಗಿರ್ಲಿಲ್ಲ."