ಇಪ್ಪತ್ತಮೂರು ಗೀಟು

ನಾನು ಬಾಯಿ ತೆರೆದರೆ ಅಪ್ಪ ಟಿವಿ ಸೌಂಡ್ ಜಾಸ್ತಿ ಮಾಡುತ್ತಿದ್ದರು. ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚುತ್ತಿತ್ತು. ಬಂದವರೆದುರು "ಇವಳ ಕೈಲಿ ಏನಾಗುತ್ತೆ" ಅನ್ನೋ ಮಾತು ಬೇರೆ. ಅದನ್ನೆಲ್ಲ ಬಿಡಿಸಿ ಹೇಳೋದು ಬೇಡ. ಮೂವತ್ತು ದಾಟಿದ ಮೇಲೂ ಆಫೀಸಿನಲ್ಲಿ ಯಾರಾದರೂ ದನಿ ಏರಿಸಿದರೆ ಸಾಕು, ನನ್ನ ಬಾಯಿಂದ ಮೊದಲು ಬರುತ್ತಿದ್ದದ್ದು "ಸಾರಿ". ತಪ್ಪು ಯಾರದ್ದೇ ಇರಲಿ.

ದಿನಕ್ಕೆ ಎಷ್ಟು ಸಲ ಸಾರಿ ಹೇಳ್ತೀರಿ, ಬರೆದಿಡಿ ಅಂದರು ನನ್ನ ಆಪ್ತಸಮಾಲೋಚಕಿ. ಡೈರಿಯ ಕೊನೆಯ ಹಾಳೆಯಲ್ಲಿ ಗೀಟು ಎಳೆಯುತ್ತ ಹೋದೆ. ಮೊದಲ ದಿನವೇ 23. ಅದರಲ್ಲೊಂದು, ನನ್ನ ಕಾಲು ತುಳಿದವರಿಗೆ ನಾನೇ ಹೇಳಿದ್ದು. ಆ ಗೀಟುಗಳನ್ನು ನೋಡುತ್ತ ತುಂಬಾ ಹೊತ್ತು ಅತ್ತೆ. ನನ್ನ ಮೇಲೆ ನನಗೇ ಕರುಣೆ ಬಂದದ್ದು ಅವತ್ತೇ ಮೊದಲು.

ಕಳೆದ ತಿಂಗಳು ಅಪ್ಪ ಫೋನಿನಲ್ಲಿ ಮತ್ತೆ ಹಳೇ ರಾಗ ತೆಗೆದರು. ಕೈ ನಡುಗುತ್ತಿತ್ತು. "ಅಪ್ಪಾ, ಹೀಗೆ ಮಾತಾಡಿದ್ರೆ ನಾನು ಫೋನ್ ಇಡ್ತೀನಿ" ಅಂದೆ. ಅವರು ನಿಲ್ಲಿಸಲಿಲ್ಲ. ಇಟ್ಟೆ. ಸಾರಿ ಹೇಳಲಿಲ್ಲ. ಅವರ ಮೇಲಿನ ಪ್ರೀತಿ ಹೋಗಿಲ್ಲ (ಹೋಗಿದ್ದರೆ ಸುಲಭ ಆಗುತ್ತಿತ್ತೇನೋ).

ಮುಂದಿನ ವಾರ ಅವರೇ ಫೋನ್ ಮಾಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆಯ್ತಾ?" ಅಂದರು. ಹಿಂದಿನಿಂದ ಟಿವಿ ಸದ್ದು ಕೇಳಿಸಲಿಲ್ಲ.