ಇಷ್ಟು ಹೊಗೆಗೇ?

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ನಾನು ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಜಗಲಿಯಲ್ಲಿ ನಿಂತಿದ್ದೆ. ಮೇಸ್ತ್ರಿ ನನ್ನ ಹಿಂದೆ. ನಾಯಿ ಅಷ್ಟೊತ್ತಿಗಾಗಲೇ ಕಾಫಿ ಕಣ ದಾಟಿತ್ತು. ಹಜಾರದ ತುಂಬ ಹೊಗೆ. ಅದರ ನಡುವೆ ಬೆತ್ತದ ಕುರ್ಚಿಯಲ್ಲಿ, ಸೆರಗಿನ ತುದಿ ಮೂಗಿಗೆ ಹಿಡಿದು ಕೂತಿದ್ದ ಅಮ್ಮ ಕೇಳಿದಳು: "ಇಷ್ಟು ಹೊಗೆಗೇ ಓಡಿದ್ಯೇನೋ?"

ಮೂಡಿಗೆರೆ ಕಡೆಯ ನಮ್ಮ ಮನೆಯ ಫೈರ್‌ಪ್ಲೇಸ್ ಅಜ್ಜನ ಶೋಕಿ. ದೊರೆಗಳ ಬಂಗ್ಲೆ ನೋಡಿಬಂದು ಕಟ್ಟಿಸಿದ್ದು. ಬೆಂಕಿ ಹಾಕಿದರೆ ಮೊಣಕಾಲು ಸುಡುತ್ತಿತ್ತು, ಬೆನ್ನು ನಡುಗುತ್ತಿತ್ತು. ಕಾವಿನ ಬಹುಪಾಲು ಚಿಮಣಿಯಲ್ಲೇ ಹೋಗಿಬಿಡುತ್ತೆ, ಹೋಗುವಾಗ ಕೋಣೆಯ ಬೆಚ್ಚನೆ ಗಾಳಿಯನ್ನೂ ಎಳೆದುಕೊಂಡು ಹೋಗುತ್ತೆ. ಎಷ್ಟೋ ವರ್ಷದಿಂದ ಅದು ಹಳೇ ಪೇಪರ್ ಪೇರಿಸುವ ಗೂಡಾಗಿತ್ತು. ಚಿಕ್ಕಮಗಳೂರಲ್ಲಿ ಬಂಗಲೆಯನ್ನು ಹೋಮ್‌ಸ್ಟೇ ಮಾಡಲು ಹೊರಟವರೊಬ್ಬರು, ಫೈರ್‌ಪ್ಲೇಸಿನ ಒಳಗೇ ಕೂರುವಂಥ ಎರಕದ ಕಬ್ಬಿಣದ ಒಲೆ ಕಿತ್ತು ಮಾರುತ್ತಿದ್ದಾರೆ ಅಂತ ಭಾವ ಸುದ್ದಿ ತಂದರು. (ಬರುವವರಿಗೆ ಅಂಗಳದ ಕ್ಯಾಂಪ್‌ಫೈರೇ ಬೇಕಂತೆ.) ನಮ್ಮ ಭಾವನಿಗೆ ಎಲ್ಲದರಲ್ಲೂ ಅರ್ಧ ಗೊತ್ತು, ಹೇಳುವ ಧೈರ್ಯ ಮಾತ್ರ ಪೂರ್ತಿ. "ತಂದು ಒಳಗೆ ತಳ್ಳಿದರಾಯ್ತು, ಚಿಮಣಿ ಹೇಗೂ ಇದೆಯಲ್ಲ" ಅಂದರು.

ನೂರು ಕೆಜಿ ದಾಟುವ ಒಲೆಯನ್ನು ಪಿಕಪ್ಪಿನಿಂದ ಇಳಿಸಲು ನಾಲ್ಕು ಜನ ಬೇಕಾಯಿತು. ಹಳೇ ಮಾಲು. ಬಾಗಿಲಿಗೆ ಹತ್ತರ ನೋಟು ಸಿಕ್ಕಿಸಿ ಮುಚ್ಚಿ ಎಳೆದೆ, ಬೆಣ್ಣೆಯಿಂದ ಕೂದಲು ಬಂದಂತೆ ಬಂತು. ಅಂದರೆ ಬಾಗಿಲ ಸುತ್ತ ಸಂದಿ ಮುಚ್ಚುವ ಹಗ್ಗ ಸತ್ತಿದೆ, ಗಾಳಿ ನುಗ್ಗಿ ಸೌದೆ ಸುಮ್ಮನೆ ಉರಿದುಹೋಗುತ್ತೆ. ಅದನ್ನು ಬದಲಾಯಿಸಿ ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಮೇಸ್ತ್ರಿ ಮಾತ್ರ ಒಲೆಯ ನೆತ್ತಿಯ ಆರಿಂಚಿನ ತೂತನ್ನೂ ಮೇಲಿನ ಒಂದೂವರೆ ಅಡಿ ಅಗಲದ ಚಿಮಣಿಯನ್ನೂ ಟಾರ್ಚ್ ಬಿಟ್ಟು ನೋಡಿ, "ಪೈಪ್ ಎಲ್ಲಿ ಸಾರ್?" ಅಂದರು. ಮತ್ತೆ ಒಲೆ ಒಳಗೆ ಕೂರಿಸುವಾಗ ಕೇಳಿದರು. ಬೆಂಕಿಕಡ್ಡಿ ಗೀರುವಾಗ ಮೂರನೇ ಸಲ. ಮೂರು ಸಲವೂ ನಾನು ಭಾವನ ಮಾತನ್ನೇ ಒಪ್ಪಿಸಿದೆ.

ಸಣ್ಣ ತೂತಿಂದ ಹೊರಟ ಬಿಸಿ ಹೊಗೆ ಅಷ್ಟಗಲದ ತಣ್ಣನೆ ಚಿಮಣಿಗೆ ಬಿದ್ದರೆ ಅಲ್ಲೇ ಹರಡಿ ತಣ್ಣಗಾಗುತ್ತೆ, ಮೇಲೆ ಹೋಗುವ ಕಸುವೇ ಉಳಿಯಲ್ಲ. ಒಂದಷ್ಟು ಚಿಮಣಿಯ ಗೋಡೆಗೆ ಡಾಂಬರಿನಂತೆ ಅಂಟುತ್ತೆ, ಮುಂದೆ ಯಾವತ್ತೋ ಅದಕ್ಕೇ ಬೆಂಕಿ ಹತ್ತಬಹುದು. ಅದಕ್ಕೇ ಒಲೆಯ ತೂತಿಂದ ಚಿಮಣಿಯ ತುದಿವರೆಗೂ ಅದೇ ಅಳತೆಯ ಸ್ಟೀಲ್ ಪೈಪ್ ಇಳಿಸಬೇಕು, ಕೆಳಗೆ ಸುತ್ತಲಿನ ಸಂದಿಗೆ ತಗಡು ಮುಚ್ಚಬೇಕು. ಮಾರಿದವರು ಇದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಾಲದ್ದಕ್ಕೆ ನಾನು ತುಂಬಿದ್ದು ಈ ವರ್ಷ ಕಡಿದ ಹಸಿ ಸಿಲ್ವರ್ ಓಕ್.

"ಅಮ್ಮಾ, ಎದ್ದು ಬಾ, ಕಾಣೋ ಹೊಗೆಗಿಂತ ಕಾಣದಿರೋ ಗ್ಯಾಸ್ ಡೇಂಜರು" ಅಂತ ಕೂಗಿ, ಮತ್ತೆ ಒಳಗೆ ಹೋಗಿ ಕೈಹಿಡಿದು ಎಬ್ಬಿಸಿ ತಂದೆ. ಬಂದಳು. ಆದರೆ ಆ ಪ್ರಶ್ನೆ ಒಳಗೇ ಕೂತಿದೆ.

ಇಷ್ಟು ಹೊಗೆಗೇ? ನಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಬರುವವರೆಗೂ ಅಮ್ಮ ದಿನಾ ಕುಡಿದದ್ದು ಇದಕ್ಕಿಂತ ಹೆಚ್ಚು. ಮಳೆಗಾಲದ ಒದ್ದೆ ಸೌದೆ, ಊದುಗೊಳವೆ, ಜಂತಿಯಿಂದ ಜೋತ ಇಲ್ಲಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆ 1980ರ ದಶಕದಲ್ಲಿ ಹಳ್ಳಿಗಳಿಗೆ ಬಂತು. ಕಡಿಮೆ ಸೌದೆ, ಹೊಗೆಗೆ ಕೊಳವೆ. ಪಕ್ಕದ ಮನೆಯಲ್ಲಿ ಹಾಕಿಸಿದರು. ಅಪ್ಪ ಹಾಕಿಸಲಿಲ್ಲ. "ಹೊಗೆ ಇದ್ರೆ ಅಟ್ಟಕ್ಕೆ ಹುಳ ಹಿಡಿಯಲ್ಲ" ಅನ್ನುತ್ತಿದ್ದರು. ಸುಳ್ಳೇನಲ್ಲ, ಅಟ್ಟ ಇವತ್ತಿಗೂ ಗಟ್ಟಿಯಾಗಿದೆ. ಅಪ್ಪ ಕೆಟ್ಟವರಲ್ಲ. ಹಜಾರದಲ್ಲಿ ಕೂರುತ್ತಿದ್ದರು, ಅಷ್ಟೇ. ನಾನೂ ಹಜಾರದಲ್ಲೇ ಕೂತು ಓದಿದವನು, ಒಳಗಿನ ಕೆಮ್ಮು ಗಡಿಯಾರದ ಸದ್ದಿನ ಹಾಗೆ ಕಿವಿಗೆ ಬೀಳುತ್ತಲೇ ಇರಲಿಲ್ಲ. ಇವತ್ತಿಗೂ ಬಚ್ಚಲ ಹಂಡೆಗೆ ಬೆಳಿಗ್ಗೆ ಐದಕ್ಕೆ ಬೆಂಕಿ ಹಾಕುವವಳು ಅವಳೇ. ಆ ಬಚ್ಚಲಿಗೆ ಇರುವುದು ಹೆಂಚಿನ ಸಂದಿ ಒಂದೇ. ನನ್ನ ಕಣ್ಣಲ್ಲಿ ಒಮ್ಮೆ ನೀರು ಬಂದದ್ದಕ್ಕೆ ಬುಧವಾರದೊಳಗೆ ಬೆಂಗಳೂರಿಂದ ಇಪ್ಪತ್ತೈದು ಅಡಿ ಪೈಪ್ ಬಂತು.

ಗುರುವಾರ ಮೇಸ್ತ್ರಿ ಹೆಂಚಿನ ಮೇಲೆ ಹತ್ತಿ, ಹಗ್ಗ ಕಟ್ಟಿ ಪೈಪ್ ಇಳಿಸಿದರು. ಚಿಮಣಿಯಿಂದ ಎರಡು ಬುಟ್ಟಿ ಮಸಿ, ಒಂದು ಹಳೇ ಹಕ್ಕಿಗೂಡು ಬಿತ್ತು. ಈ ಸಲ ಎರಡು ವರ್ಷ ಒಣಗಿದ ಕಾಫಿ ಬೊಡ್ಡೆ ಹಾಕಿದೆ. ಗಾಜಿನ ಹಿಂದೆ ಉರಿ ನಿಧಾನಕ್ಕೆ ಎದ್ದಿತು. ಹಜಾರದಲ್ಲಿ ಹೊಗೆಯ ವಾಸನೆಯೂ ಇಲ್ಲ.

ಅಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು ಜಗಲಿಗೆ ಹೋಗಿ, ಕತ್ತರಿಸಿ ಮಿಕ್ಕಿದ್ದ ಪೈಪಿನ ತುಂಡನ್ನು ಕಾಲಲ್ಲಿ ಉರುಳಿಸಿ ನೋಡಿ, ಮೇಸ್ತ್ರಿಯನ್ನು ಕೇಳಿದಳು: "ಇದು ಬಚ್ಚಲೊಲೆಗೆ ಸಾಕಾಗುತ್ತೇನಪ್ಪ?"

"ಮೂರೇ ಅಡಿ ಇದೆ ಅಮ್ಮ, ಸಾಲಲ್ಲ."

"ಇನ್ನೊಂದು ತರಿಸ್ತಾನೆ ಬಿಡು" ಅಂದಳು, ನನ್ನ ಕಡೆ ತಿರುಗದೆ.